ಅರ್ಧಾಳು

ಈರುಳ್ಳಿ ಕೊಯ್ಯುವವರಿಗೆ ಕಣ್ಣಲ್ಲಿ ನೀರು ಬರುವುದಿಲ್ಲ. ಅದು ಅಡುಗೆಮನೆಯಲ್ಲಿ ನಿಂತು ಒಂದೆರಡು ಗಡ್ಡೆ ಹೆಚ್ಚುವವರಿಗೆ ಬರುವ ಕಾಯಿಲೆ. ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ದಂಟು ಕೊಯ್ಯುವವರಿಗೆ ಮೊದಲು ಹೋಗುವುದು ಮೊಣಕಾಲು, ಆಮೇಲೆ ಸೊಂಟ, ಕಡೆಗೆ ಬೆರಳು. ಕುಡುಗೋಲಿನ ಹಿಡಿಯನ್ನು ಪಾದದ ಕೆಳಗೆ ಒತ್ತಿ ಹಿಡಿದು, ಅದರ ಬಾಯಿಗೆ ಒಂದೊಂದೇ ಗಡ್ಡೆಯ ಕುತ್ತಿಗೆ ಕೊಡುತ್ತಾ, ದಂಟನ್ನು ಒಂದು ಕಡೆ ಗಡ್ಡೆಯನ್ನು ಇನ್ನೊಂದು ಕಡೆ ಎಸೆಯುತ್ತಾ, ಕುಕ್ಕರಗಾಲಿನಲ್ಲೇ ಮುಂದೆ ಮುಂದೆ ಸರಿಯಬೇಕು. ರಾತ್ರಿ ಅನ್ನ ಕಲಸಿದರೆ ಅನ್ನ ಈರುಳ್ಳಿ ನಾರುತ್ತದೆ. ತಲೆ ಬಾಚಿದರೆ ಬಾಚಣಿಗೆ ನಾರುತ್ತದೆ. ರಕ್ಷಾ ಜಗಳೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟು ಬೇಗ ತುಂಬುತ್ತಿರಲಿಲ್ಲ. ಆರಾಮಾಗಿ ಕಾಲು ಚಾಚಿಕೊಂಡು ಹೋಗುತ್ತಿದ್ದಳು.

ಹತ್ತೊಂಬತ್ತು ವರ್ಷದ ರಕ್ಷಾ ಬಿ.ಎ. ಎರಡನೇ ವರ್ಷದಲ್ಲಿದ್ದಳು. ದಸರಾ ರಜೆ ಬಂದಿತ್ತು. ರಜೆ ಎಂದರೆ ಬನ್ನಿಕಟ್ಟೆಯ ಅವಳ ಕೇರಿಯ ಹುಡುಗ ಹುಡುಗಿಯರಿಗೆ ಷಣ್ಮುಖಪ್ಪನ ಹೊಲ. ಷಣ್ಮುಖಪ್ಪನದು ಮೂರೆಕರೆ ಹೊಲ, ಒಂದು ಬೋರ್‌ವೆಲ್, ಮೂವತ್ತೆಕರೆಯ ಗತ್ತು. ಈ ಸಲ ಎರಡೆಕರೆಗೆ ಈರುಳ್ಳಿ, ಒಂದೆಕರೆಗೆ ಶೇಂಗಾ ಹಾಕಿದ್ದ. ಗಡ್ಡೆ ಕಿತ್ತು ಸಾಲಾಗಿ ಒಣಹಾಕಿದ್ದಾಗಿತ್ತು. ದಂಟು ಕೊಯ್ದು ಚೀಲ ತುಂಬಿ ಲಾರಿಗೆ ಏರಿಸಬೇಕಿತ್ತು. ಕೇರಿಯಿಂದ ಹತ್ತು ಹನ್ನೆರಡು ಆಳು ಬರುತ್ತಿದ್ದರು.

ಆಳು ಎಂದೆನಲ್ಲ, ಅದು ತಪ್ಪು. ಅವರಲ್ಲಿ ಕೆಲವರು ಆಳು, ಕೆಲವರು ಅರ್ಧಾಳು. ರಕ್ಷಾ ಅರ್ಧಾಳು.

ಇದು ಷಣ್ಮುಖಪ್ಪ ಅವನ ಅಪ್ಪನಿಂದ ಹೊಲದ ಜೊತೆಗೇ ಪಡೆದುಕೊಂಡ ಆಸ್ತಿ. ಹೆಣ್ಣುಮಕ್ಕಳು ಕೊರಳಿಗೆ ತಾಳಿ ಬೀಳುವ ತನಕ ಅರ್ಧಾಳು. ಗಂಡುಹುಡುಗರು ಮೀಸೆ ದಪ್ಪಗಾಗುವ ತನಕ ಅರ್ಧಾಳು. ಹಲ್ಲು ಉದುರಿದ ಮೇಲೆ ಗಂಡಾಗಲಿ ಹೆಣ್ಣಾಗಲಿ ಮತ್ತೆ ಅರ್ಧಾಳು. ಪೂರ್ತಿ ಆಳಿಗೆ ನಾನೂರು, ಅರ್ಧಾಳಿಗೆ ಇನ್ನೂರು. ಸಾಲು ಮಾತ್ರ ಎಲ್ಲರಿಗೂ ಪೂರ್ತಿಯೇ. ಅರ್ಧಾಳಿಗೆ ಅರ್ಧ ಸಾಲು ಕೊಟ್ಟದ್ದನ್ನು ಬನ್ನಿಕಟ್ಟೆಯಲ್ಲಿ ಯಾರೂ ನೋಡಿಲ್ಲ. ಹತ್ತು ಗಂಟೆಯ ಟೀಯಲ್ಲಿ ಮಾತ್ರ ಲೆಕ್ಕ ತಪ್ಪುತ್ತಿರಲಿಲ್ಲ. ಷಣ್ಮುಖಪ್ಪನ ಹೆಂಡತಿ ಕಸ್ತೂರಮ್ಮ ಪೇಪರ್ ಲೋಟಗಳನ್ನು ಬದುವಿನ ಮೇಲೆ ಸಾಲಾಗಿ ಇಟ್ಟು, ಆಳಿಗೆ ತುಂಬಾ, ಅರ್ಧಾಳಿಗೆ ಅರ್ಧ ಬಗ್ಗಿಸುತ್ತಿದ್ದಳು. ಮನೆಯವರ ಲೋಟ ಬೇರೆ, ಅದು ಸ್ಟೀಲಿನದು, ಅದು ಬದುವಿಗೆ ಇಳಿಯುತ್ತಿರಲಿಲ್ಲ.

ಈ ಲೆಕ್ಕದಲ್ಲಿ ಸಿಕ್ಕಿಬಿದ್ದವರು ರಕ್ಷಾ ಒಬ್ಬಳೇ ಅಲ್ಲ. ತಿಪ್ಪಮ್ಮ ಇದ್ದಳು, ಮುಂದಿನ ಹಲ್ಲು ಉದುರುವ ತನಕ ಪೂರ್ತಿಯಾಗಿದ್ದವಳು. ಭೀಮೇಶ್ ಇದ್ದ, ಐ.ಟಿ.ಐ. ಓದುವ ಹುಡುಗ, ಇಪ್ಪತ್ತಾದರೂ ಮುಖದ ಮೇಲೆ ಒಂದು ಕೂದಲಿಲ್ಲ. ಹೋದ ವಾರ ಅಕ್ಕನ ಹುಬ್ಬಿನ ಪೆನ್ಸಿಲ್‌ನಲ್ಲಿ ಮೀಸೆ ಬರೆದುಕೊಂಡು ಬಂದು ಪೂರ್ತಿ ಕೂಲಿ ಕೇಳಿದ್ದ. ಮಧ್ಯಾಹ್ನದ ಬೆವರಿಗೆ ಮೀಸೆ ಗದ್ದಕ್ಕೆ ಇಳಿಯಿತು. ಎಲ್ಲರಿಗಿಂತ ವಿಚಿತ್ರ ರಕ್ಷಾಳ ಸೋದರಮಾವನ ಮಗಳು ದುರ್ಗಾಂಬಿಕಾಳದು. ಅವಳಿಗೆ ಮದುವೆಯಾಗಿ ಮೂರು ವರ್ಷ, ಬಗಲಲ್ಲಿ ಒಂದು ಮಗು. ಗಂಡ ಮೈಲಾರಿ ಷಣ್ಮುಖಪ್ಪನ ಟ್ರ್ಯಾಕ್ಟರನ್ನೇ ಓಡಿಸುತ್ತಿದ್ದ. ಆದರೆ ಮದುವೆ ಬೌದ್ಧ ಪದ್ಧತಿಯಲ್ಲಿ ಆಗಿತ್ತು. ಬುದ್ಧನ ಫೋಟೊ ಮುಂದೆ ಮೇಣದ ಬತ್ತಿ ಹಚ್ಚಿ, ಹಾರ ಬದಲಾಯಿಸಿಕೊಂಡು, ಕೈಮುಗಿದಿದ್ದರು. ತಾಳಿ ಕಟ್ಟಿರಲಿಲ್ಲ. ಹಾಗಾಗಿ ಷಣ್ಮುಖಪ್ಪನ ಹೊಲದಲ್ಲಿ ಆ ಮಗುವಿನ ತಾಯಿ ಇನ್ನೂ ಅರ್ಧಾಳು.

ರಕ್ಷಾಳಿಗೆ ಪೂರ್ತಿ ಆಗಬೇಕಿತ್ತು. ಗತ್ತಿಗಲ್ಲ, ಅವ್ವನ ಮೊಣಕಾಲಿಗೆ. ಅವ್ವ ಗಿಡ್ಡಮ್ಮನ ಎಡಗಾಲಿನ ಮೊಣಕಾಲು ಊದಿಕೊಂಡು ವರ್ಷವಾಗಿತ್ತು. ಜಗಳೂರಿನ ಡಾಕ್ಟರು ಒತ್ತಿ ನೋಡಿ, ಕುಕ್ಕರಗಾಲಲ್ಲಿ ಕೂರಬೇಡಿ ಎಂದಿದ್ದರು. ಕೂಲಿ ಮಾಡಬೇಡಿ ಎಂದು ಹೇಳಲು ಅವರು ಹುಡುಕಿಕೊಂಡ ಮರ್ಯಾದೆಯ ಮಾತು ಅದು. ಅಪ್ಪ ಮೂಕಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರದೇ ಮನೆ. ರಜೆಯ ದಿನಗಳ ಒಂದು ಪೂರ್ತಿ ಕೂಲಿ ಬಂದರೆ ಹೇಗೋ ನಡೆಯುತ್ತಿತ್ತು, ಅರ್ಧ ಕೂಲಿಯಲ್ಲಿ ನಡೆಯುತ್ತಿರಲಿಲ್ಲ. ಆದ್ದರಿಂದ ಗಿಡ್ಡಮ್ಮ ದಿನವೂ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಮಗಳ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದಳು. ಪ್ರತಿ ಸಲ ಮುಂದೆ ಸರಿಯುವಾಗ ಅವಳ ಬಾಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ರಕ್ಷಾಳಿಗೆ ಆ ಸದ್ದು ಕೇಳಿದಾಗಲೆಲ್ಲ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು.

ಅವತ್ತು ಸಂಜೆ ಕೂಲಿ ಕೊಡುವಾಗ ಕೇಳಿಯೇಬಿಟ್ಟಳು.

"ಗೌಡ್ರೆ, ಅವ್ವ ಕೊಯ್ದಷ್ಟೇ ನಾನೂ ಕೊಯ್ದೀನಿ. ನಂಗೂ ಪೂರ್ತಿ ಕೊಡ್ರಿ."

ಷಣ್ಮುಖಪ್ಪ ಹೆಬ್ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುತ್ತಿದ್ದವನು ತಲೆ ಎತ್ತಿದ. "ಪೂರ್ತಿ ಕೂಲಿ ಪೂರ್ತಿ ಆಳಿಗೆ ಕಣಮ್ಮ. ನಿನ್ ಕೊರಳು ಬರಿದೈತಲ್ಲ? ಒಂದ್ ಗಂಡು ನೋಡಿ ಮದ್ವೆ ಆಗು. ಮಾರನೇ ದಿನದಿಂದ್ಲೇ ಕೊಡ್ತೀನಿ, ಶಿವನಾಣೆಗೂ."

"ಈರುಳ್ಳಿನ ತಾಳಿ ಕೊಯ್ತೈತೇನ್ರಿ ಗೌಡ್ರೆ?"

ಗಿಡ್ಡಮ್ಮ ಹಿಂದಿನಿಂದ ಮಗಳ ಸೊಂಟ ಚಿವುಟಿದಳು. "ಲೇ, ಬಾಯ್ ಮುಚ್ಚೆ."

"ಓದಾಕೆ ಕಳ್ಸಿದ್ರೆ ಹಿಂಗೇ ಆಗೋದು ನೋಡು ಗಿಡ್ಡಿ," ಎಂದ ಷಣ್ಮುಖಪ್ಪ. ಅವನಿಗೆ ಸಿಟ್ಟು ಬಂದಿರಲಿಲ್ಲ, ಮಜಾ ಬಂದಿತ್ತು. "ನಾನೇನ್ ದೊಡ್ಡ ಜಮೀನ್ದಾರನಾ? ಗೊಬ್ಬರದ ಅಂಗಡಿಯೋನು ನಂಗೆ ಅರ್ಧ ರೇಟಿಗೆ ಕೊಡ್ತಾನಾ?"

"ಹೋದ್ ಎಲೆಕ್ಷನ್ನಾಗೆ ನಮ್ಮನೆ ಮುಂದೆ ಬಂದು ಓಟು ಕೇಳಿದ್ರಲ್ಲ, ಅವಾಗ ನಂದು ಅರ್ಧ ಓಟು ಸಾಕು ಅಂದಿದ್ರಾ?"

"ಅದು ಸರ್ಕಾರದ ಲೆಕ್ಕ, ಇದು ಹೊಲದ ಲೆಕ್ಕ," ಎಂದು ಷಣ್ಮುಖಪ್ಪ ಅವಳ ಅಂಗೈಗೆ ಇನ್ನೂರು ಇಟ್ಟ.

ಮಾರನೇ ದಿನ ಬೆಳಗ್ಗೆ ರಕ್ಷಾ ಟ್ರಂಕು ತೆಗೆದು ಅಡಿಗೆ ಕೈ ಹಾಕಿದಳು. ಕಾಲೇಜಿನ ನಾಟಕದಲ್ಲಿ ಯಾರದೋ ಹೆಂಡತಿಯಾಗಿ ಅಳುವಾಗ ಹಾಕಿಕೊಂಡಿದ್ದ ಕರಿಮಣಿ ಸರ ಅಲ್ಲಿತ್ತು. ಅದರಲ್ಲಿ ಎರಡು ಹಿತ್ತಾಳೆ ಬೊಟ್ಟೂ ಇದ್ದವು. ಅದನ್ನು ಕೊರಳಿಗೆ ಹಾಕಿಕೊಂಡು, ಮೇಲೆ ಅಪ್ಪನ ಹಳೇ ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆ ತನಕ ಗುಂಡಿ ಹಾಕಿದಳು. ಹೊಲ ಮುಟ್ಟಿದ ಮೇಲೆ ಷಣ್ಮುಖಪ್ಪನ ಎದುರು ನಿಂತು ಮೇಲಿನ ಗುಂಡಿ ಬಿಚ್ಚಿದಳು.

ಗಿಡ್ಡಮ್ಮ ಕುಡುಗೋಲು ಹಿಡಿದಲ್ಲೇ ಕಲ್ಲಾದಳು.

ಷಣ್ಮುಖಪ್ಪ ಬಗ್ಗಿ ನೋಡಿದ. "ಏನಿದು?"

"ತಾಳಿ ಗೌಡ್ರೆ."

"ಅದು ಗೊತ್ತೈತೆ. ಯಾವಾಗ ಆತು?"

"ನಿನ್ನೆ ನೀವು ಹೇಳಿದ್ರಲ್ಲ, ತಡ ಮಾಡೋದು ಬ್ಯಾಡ ಅಂತ ಮುಗಿಸ್ದೆ."

"ಗಂಡು ಯಾರು?"

"ಹೆಸ್ರು ಹೇಳಾಕೆ ನಾಚ್ಕೆ ಆಗ್ತೈತೆ."

"ಯಾವೂರು ಅಂತನಾದ್ರೂ ಹೇಳು."

"ಹೊನ್ನಾಳಿ ಕಡೆ."

ಭೀಮೇಶ್ ನಗು ತಡೆಯಲಾರದೆ ಈರುಳ್ಳಿ ರಾಶಿಯ ಕಡೆ ಮುಖ ತಿರುಗಿಸಿ ಕೆಮ್ಮಿದ. ಅಷ್ಟರಲ್ಲಿ ಕಸ್ತೂರಮ್ಮ ಟೀ ಕೆಟಲ್ ಹಿಡಿದು ಬಂದಳು. ಅವಳು ಎಲ್ಲವನ್ನೂ ನಂಬುವ ಹೆಂಗಸು. ಟಿ.ವಿ. ಧಾರಾವಾಹಿಗಳನ್ನೂ ನಂಬುತ್ತಿದ್ದಳು, ಗಂಡನನ್ನೂ ನಂಬುತ್ತಿದ್ದಳು. ರಕ್ಷಾಳ ಕೊರಳು ನೋಡಿದವಳೇ ಪಂಪ್‌ಸೆಟ್ ಮನೆಗೆ ಓಡಿ, ಅಲ್ಲಿನ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು, ಒಂದು ಚಿಟಿಕೆಯನ್ನು ರಕ್ಷಾಳ ಅಂಗೈಗೆ ಒಂದು ಮೊಳ ಮೇಲಿನಿಂದ ಉದುರಿಸಿದಳು.

"ನೂರ್ಕಾಲ ಮುತ್ತೈದೆಯಾಗಿ ಬಾಳು ಕಣಮ್ಮ. ಮದ್ವೆ ಊಟಕ್ಕೂ ಕರೀಲಿಲ್ಲಲ್ಲೇ ನಮ್ಮನ್ನ?"

"ಕರೆದಿದ್ರೆ ನಮ್ಮನೇಗ್ ಬಂದು ಉಣ್ತಿದ್ರಾ ಅಮ್ಮಾರೆ?"

ಕಸ್ತೂರಮ್ಮನಿಗೆ ಇದ್ದಕ್ಕಿದ್ದಂತೆ ಟೀ ಆರಿಹೋಗುತ್ತಿರುವುದು ನೆನಪಾಯಿತು. ಗಡಿಬಿಡಿಯಲ್ಲಿ ಬದುವಿನ ಕಡೆ ಹೋದಳು. ಆದರೆ ಅವತ್ತು ರಕ್ಷಾಳ ಪೇಪರ್ ಲೋಟ ಅಂಚಿನ ತನಕ ತುಂಬಿತ್ತು.

ಸಂಜೆ ಷಣ್ಮುಖಪ್ಪ ಕೊಟ್ಟದ್ದು ಅದೇ ಇನ್ನೂರು.

"ತಾಳಿ ನೋಡ್ದೆ, ಗಂಡನ್ನ ನೋಡ್ಲಿಲ್ಲ," ಎಂದ. "ಕರ್ಕಂಡ್ ಬಾ. ಅವನು ಬಂದು ಹೌದು ಅನ್ಲಿ, ಪೂರ್ತಿ ಕೊಡ್ತೀನಿ."

ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ದುರ್ಗಾಂಬಿಕಾ ಬಾಯಿ ಹಾಕಿದಳು. "ಅಲ್ರೀ, ನನ್ ಗಂಡನ್ನ ದಿನಾ ನೋಡ್ತೀರಲ್ಲ? ಅಗೋ, ನಿಮ್ ಟ್ರ್ಯಾಕ್ಟರ್ ಮೇಲೇ ಕೂತಾನೆ. ನಂಗ್ಯಾಕೆ ಅರ್ಧ?"

"ನಿನ್ ಕೊರಳಾಗೆ ಏನೈತೆ ತೋರ್ಸು."

"ನನ್ ಬಗಲಾಗೆ ಏನೈತೆ ನೋಡ್ರಿ."

"ಅದು ಬ್ಯಾರೆ ಮಾತು," ಎಂದು ಷಣ್ಮುಖಪ್ಪ ಬೈಕ್ ಒದ್ದು ಹೊರಟುಹೋದ.

ಮನೆಯ ದಾರಿಯಲ್ಲಿ ಗಿಡ್ಡಮ್ಮ ಮಗಳಿಗಿಂತ ಮುಂದೆ ಕುಂಟುತ್ತಾ ನಡೆದಳು. ಕೇರಿ ಹತ್ತಿರ ಬಂದಾಗ ನಿಂತು, ಮಗಳ ಕೊರಳಿಗೆ ಕೈ ಹಾಕಿ ಸರ ಎಳೆದಳು. ದಾರ ಹರಿಯಿತು. ಕರಿಮಣಿ ಮಣ್ಣಿನಲ್ಲಿ ಚೆಲ್ಲಾಪಿಲ್ಲಿಯಾಯಿತು.

"ಹುಡುಗಾಟ ಆಡ್ತೀಯಾ? ನಿಮ್ಮಪ್ಪ ಕಟ್ಟಿದ್ದನ್ನ ನಾನ್ ತೆಗೆದಿಟ್ಟಾಗ ನಂಗೆ ಏನಾತು ಅಂತ ಗೊತ್ತೈತಾ ನಿಂಗೆ? ಇನ್ನೂರ್ ರೂಪಾಯಿಗೆ ಕಟ್ಕಂಡ್ ಬರ್ತಾಳಂತೆ!"

"ಇನ್ನೂರ್ ರೂಪಾಯಿಗಲ್ಲವ್ವ, ನಿನ್ ಕಾಲಿಗೆ," ಎಂದಳು ರಕ್ಷಾ. ಹೇಳಬಾರದೆಂದು ಇಷ್ಟು ದಿನ ಇಟ್ಟುಕೊಂಡಿದ್ದ ಮಾತು ಬಾಯಿಂದ ಬಂದುಬಿಟ್ಟಿತ್ತು. "ನಂಗೆ ಪೂರ್ತಿ ಕೊಟ್ರೆ ನೀನ್ ಮನೇಲಿ ಕುಂದ್ರಬೋದು. ದಿನಾ ನಿನ್ ನರಳಾಟ ಕೇಳಾಕೆ ನನ್ ಕೈಲಾಗಲ್ಲ."

ಗಿಡ್ಡಮ್ಮ ಬಗ್ಗಲು ಬಾರದ ಕಾಲನ್ನು ಪಕ್ಕಕ್ಕೆ ಚಾಚಿ ನೆಲಕ್ಕೆ ಕೂತು, ಚೆಲ್ಲಿದ ಮಣಿಗಳನ್ನು ಒಂದೊಂದಾಗಿ ಆರಿಸತೊಡಗಿದಳು. ರಕ್ಷಾಳೂ ಕೂತಳು. ಇಬ್ಬರ ಕಣ್ಣೂ ಒದ್ದೆಯಾಗಿತ್ತು, ಅದಕ್ಕೆ ಈರುಳ್ಳಿ ಕಾರಣವಲ್ಲ.

ಹಿಂದೆ ಬರುತ್ತಿದ್ದ ದುರ್ಗಾಂಬಿಕಾ ಇದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಲೇ ರಕ್ಷಾ, ನಂಗೆ ಗಂಡ ಅವ್ನೆ, ತಾಳಿ ಇಲ್ಲ. ನಿಂಗೆ ತಾಳಿ ಐತೆ, ಗಂಡ ಇಲ್ಲ. ನಾವಿಬ್ರೂ ಸೇರಿದ್ರೆ ಗೌಡ್ರ ಲೆಕ್ಕದಾಗೆ ಒಂದ್ ಪೂರ್ತಿ ಹೆಂಗ್ಸು ಆಗ್ತೀವಿ ನೋಡು."

ಅವಳ ಜೊತೆಗಿದ್ದ ತಿಪ್ಪಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಗಿಡ್ಡಮ್ಮನಿಗೂ ನಗು ಬಂತು. ರಕ್ಷಾ ಮಾತ್ರ ನಗಲಿಲ್ಲ. ಮಣಿ ಆರಿಸುವುದನ್ನು ಬಿಟ್ಟು ದುರ್ಗಾಂಬಿಕಾಳ ಮುಖವನ್ನೇ ನೋಡಿದಳು.

"ಅಕ್ಕಾ, ಇನ್ನೊಂದ್ ಸಲ ಹೇಳು ಅದನ್ನ."

ಮಾರನೇ ದಿನ ಬೆಳಗ್ಗೆಯೇ ಮೋಡ ಕಟ್ಟಿತ್ತು. ಜಗಳೂರು ಸೀಮೆಯ ಮಳೆಗೆ ಒಂದು ಕೆಟ್ಟ ಚಾಳಿ. ಬಿತ್ತಿದಾಗ ಕರೆದರೆ ಬರುವುದಿಲ್ಲ, ಕಿತ್ತು ಒಣಹಾಕಿದಾಗ ಕರೆಯದೆ ಬರುತ್ತದೆ. ದಂಟು ಕೊಯ್ಯದ ಈರುಳ್ಳಿ ಇನ್ನೂ ಅರ್ಧ ಹೊಲದಲ್ಲಿ ಬಿದ್ದಿತ್ತು. ಷಣ್ಮುಖಪ್ಪ ಲಾರಿಯನ್ನು ಹೊಲಕ್ಕೇ ತರಿಸಿ ನಿಲ್ಲಿಸಿದ್ದ. ಬದುವಿನಿಂದ ಬದುವಿಗೆ ಓಡಾಡುತ್ತಾ ಕೂಗುತ್ತಿದ್ದ.

"ಬೇಗ ಬೇಗ ಕೈ ಆಡಿಸ್ರಿ, ಮಳೆ ಬಂದ್ರೆ ನನ್ ಕತೆ ಮುಗೀತು!"

ಒಂದು ಸಾಲಿನ ತುದಿಗೆ ಬಂದವನು ನಿಂತ. ದುರ್ಗಾಂಬಿಕಾ ಕೂತು ಕೊಯ್ಯುತ್ತಿದ್ದಳು. ಅವಳ ಪಕ್ಕದಲ್ಲೇ ರಕ್ಷಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದಕ್ಕೆ ಹಾಡು ಹೇಳುತ್ತಾ, ಬದುವಿಗೆ ಒರಗಿದ್ದಳು.

"ಏನೇ ಇದು? ಕೆಲ್ಸ ಬಿಟ್ಟು ಕೂತೀಯಾ?"

"ಕೆಲ್ಸ ನಡೀತಾ ಐತಲ್ಲ ಗೌಡ್ರೆ. ನಾವಿಬ್ರು ಅರ್ಧಾಳು. ಇಬ್ರು ಸೇರಿ ಒಂದಾಳು. ಅಗೋ, ಒಂದಾಳು ಕೊಯ್ತಾ ಐತೆ. ಇನ್ನೊಂದೀಟು ಹೊತ್ತಿಗೆ ಅವ್ಳು ಮಗು ಎತ್ಕಂತಾಳೆ, ನಾನ್ ಕೊಯ್ತೀನಿ."

ಷಣ್ಮುಖಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವನ ಕಣ್ಣು ಭೀಮೇಶನ ಪುಟ್ಟಿಯ ಮೇಲೆ ಬಿತ್ತು. ಒಂದು ಗಡ್ಡೆ ಕೈಗೆತ್ತಿಕೊಂಡ. ಅದರ ದಂಟು ಅರ್ಧ ಕೊಯ್ದು, ಇನ್ನರ್ಧ ಗಡ್ಡೆಗೆ ಜೋತಾಡುತ್ತಿತ್ತು. ಇನ್ನೊಂದು ಎತ್ತಿದ, ಅದೂ ಹಾಗೇ. ಪುಟ್ಟಿ ಪೂರ್ತಿ ಹಾಗೇ.

"ಲೇ ಭೀಮ್ಯಾ!"

"ಅರ್ಧ ಕೊಯ್ದೀನಿ ಗೌಡ್ರೆ," ಎಂದ ಭೀಮೇಶ್ ಬಹಳ ವಿನಯದಿಂದ. "ಉಳಿದ ಅರ್ಧ ಮೀಸೆ ಬಂದ್ಮೇಲೆ ಕೊಯ್ತೀನಿ."

ಲಾರಿಯ ಡ್ರೈವರ್ ಬಾಗಿಲಿಂದ ತಲೆ ಹೊರಹಾಕಿ ಕಿಸಕ್ಕನೆ ನಕ್ಕ. ಆ ಕಡೆಯಿಂದ ತಿಪ್ಪಮ್ಮನೂ ಸೀರೆ ಕೊಡವಿಕೊಂಡು ಎದ್ದಳು. "ನಂದೂ ಅರ್ಧ ದಿನ ಆತು ಕಣಪ್ಪ. ಇನ್ ಸಾಕು," ಎಂದು ಎಲೆಯಡಿಕೆ ಚೀಲ ಬಿಚ್ಚಿ ಬದುವಿನ ಮೇಲೆ ಕೂತುಬಿಟ್ಟಳು.

ಪಡುವಣದಲ್ಲಿ ಗುಡುಗಿತು.

ಷಣ್ಮುಖಪ್ಪ ನೇರವಾಗಿ ಗಿಡ್ಡಮ್ಮನ ಬಳಿ ಬಂದ. ಅವಳು ತಲೆ ಬಗ್ಗಿಸಿ ಕೊಯ್ಯುತ್ತಲೇ ಇದ್ದಳು. ಮಗಳ ಈ ಆಟ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಬೆಳಗಿನಿಂದಲೂ ಅವಳು ಹೆದರಿದ್ದಳು. ಈ ಹೊಲ ತಪ್ಪಿದರೆ ಇನ್ನೊಂದು ಹೊಲ ಎರಡು ಮೈಲಿ ದೂರ. ಅಷ್ಟು ದೂರ ನಡೆಯಲು ಅವಳ ಕಾಲು ಒಪ್ಪುವುದಿಲ್ಲ. ಇದು ಷಣ್ಮುಖಪ್ಪನಿಗೂ ಗೊತ್ತಿತ್ತು.

"ಗಿಡ್ಡೀ, ನಿನ್ ಮಗಳಿಗೆ ಬುದ್ಧಿ ಹೇಳ್ತೀಯೋ ಇಲ್ವೋ? ಮೂಕಪ್ಪ ಸತ್ತಾಗ್ಲೇ ನಿನ್ ಕೊರಳೂ ಬರಿದಾತು. ರೂಲ್ಸ್ ಪ್ರಕಾರ ಅವತ್ತಿಂದ್ಲೇ ನೀನೂ ಅರ್ಧಾಳು. ಹೋಗ್ಲಿ ಪಾಪ ಅಂತ ಪೂರ್ತಿ ಕೊಡ್ತಾ ಬಂದೀನಿ. ಇವತ್ತಿಂದ ನಿಂಗೂ ಅರ್ಧಾನೇ!"

ರಕ್ಷಾ ಮಗುವನ್ನು ದುರ್ಗಾಂಬಿಕಾಳ ಕೈಗೆ ಕೊಟ್ಟು ಧಡಕ್ಕನೆ ಎದ್ದಳು. ಅವಳಿಗಿಂತ ಮೊದಲು ಗಿಡ್ಡಮ್ಮ ಎದ್ದಿದ್ದಳು. ಒಂದು ಕೈ ನೆಲಕ್ಕೆ ಊರಿ, ಎಡಗಾಲನ್ನು ಎಳೆದುಕೊಂಡು, ನಿಧಾನವಾಗಿ ಎದ್ದು ನೆಟ್ಟಗೆ ನಿಂತಳು. ಈ ಹೊಲದಲ್ಲಿ ಷಣ್ಮುಖಪ್ಪನ ಎದುರು ಅವಳು ಹಾಗೆ ನೆಟ್ಟಗೆ ನಿಂತದ್ದು ಅದೇ ಮೊದಲು. ನಿಂತಾಗ ಅವಳು ಅವನಿಗಿಂತ ಎತ್ತರವಿದ್ದಳು. ಗಿಡ್ಡಮ್ಮ ಎಂಬ ಹೆಸರಿನಿಂದಾಗಿ ಅದನ್ನು ಯಾರೂ ಗಮನಿಸಿರಲಿಲ್ಲ.

"ಯಾವ ಅರ್ಧ ಗೌಡ್ರೆ?" ಎಂದಳು.

"ಏನು?"

"ನಂಗೆ ಅರ್ಧ ಅಂದ್ರಲ್ಲ, ಯಾವ ಅರ್ಧ ಅಂತ ಕೇಳ್ದೆ. ಮೇಲ್ಗಡೆದೋ, ಕೆಳಗಡೆದೋ? ಮೇಲ್ಗಡೆದು ತಗಂಡ್ರೆ ಕೈ ಸಿಗ್ತಾವೆ, ಕುಂದ್ರಾಕೆ ಏನೂ ಇರಲ್ಲ. ಕೆಳಗಡೆದು ತಗಂಡ್ರೆ ಕುಂದ್ರಸ್ಬೋದು, ಕೊಯ್ಯಾಕೆ ಕೈ ಇರಲ್ಲ. ಉದ್ದಕ್ಕೆ ಸೀಳ್ತೀರಾ? ಸೀಳ್ರಿ. ಎಡಗಡೆದು ನಿಮಗೇ ಇರ್ಲಿ, ಈ ಮೊಣಕಾಲು ನಿಮ್ ಹೊಲದಾಗೇ ಕೆಟ್ಟಿದ್ದು. ಬಲಗಡೆದು ನಾನ್ ಮನೇಗ್ ಒಯ್ತೀನಿ."

ಲಾರಿಯ ಡ್ರೈವರ್ ಸ್ಟೇರಿಂಗ್ ಬಡಿದು ನಕ್ಕ. ಕೈ ತಪ್ಪಿ ಹಾರನ್ ಮೇಲೆ ಬಿದ್ದು ಲಾರಿಯೂ ಒಮ್ಮೆ ಕೂಗಿತು. ತಿಪ್ಪಮ್ಮನ ಬಾಯಿಂದ ಎಲೆಯಡಿಕೆ ಚಿಮ್ಮಿತು. ಪೂರ್ತಿ ಆಳುಗಳಾಗಿದ್ದ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಕ್ಕರು. ಗಿಡ್ಡಮ್ಮ ನಗಲಿಲ್ಲ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ, ಕುಂಟುತ್ತಾ ಹೋಗಿ, ಬದುವಿನ ಮೇಲೆ ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಳು. ನಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗಿ ಅವಳ ಪಕ್ಕ ಕೂತರು. ತಾಳಿ ಇದ್ದವರೂ ಕೂತರು. ಸಾಲುಗಳಲ್ಲಿ ಈಗ ಈರುಳ್ಳಿ ಬಿಟ್ಟು ಯಾರೂ ಇರಲಿಲ್ಲ.

ಷಣ್ಮುಖಪ್ಪ ಮೋಡ ನೋಡಿದ, ಲಾರಿ ನೋಡಿದ. ರಕ್ಷಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ನೋಡಮ್ಮ, ನೀನು ಓದ್ದೋಳು, ನಿಂಗೆ ತಿಳೀತೈತೆ. ನಿಂಗೊಬ್ಬಳಿಗೆ ಪೂರ್ತಿ ಕೊಡ್ತೀನಿ. ಇವತ್ತು ಅಷ್ಟೇ ಅಲ್ಲ, ಇನ್ಮೇಲೆ ಯಾವಾಗ ಬಂದ್ರೂ ಪೂರ್ತಿ. ನಿಮ್ಮವ್ವ ಬ್ಯಾಡ, ಮನೇಲಿರ್ಲಿ. ಇವರನ್ನ ಎಬ್ಬಿಸು."

ಅವಳು ಬೇಡಿಕೊಂಡದ್ದು ಇದನ್ನೇ. ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲದೆ ಇದನ್ನೇ. ರಕ್ಷಾ ಬದುವಿನ ಕಡೆ ನೋಡಿದಳು. ಅವ್ವ ಮೊಣಕಾಲಿನ ಬಟ್ಟೆ ಬಿಚ್ಚಿ ಗಾಳಿಗೆ ಬಿಟ್ಟಿದ್ದಳು. ಊತ ಇಷ್ಟು ದೂರಕ್ಕೂ ಕಾಣುತ್ತಿತ್ತು. ಹೂಂ ಎಂದರೆ ನಾಳೆಯಿಂದ ಆ ಕಾಲಿಗೆ ಬಿಡುವು. ಅವ್ವನ ಒಂದು ಪಕ್ಕದಲ್ಲಿ ದುರ್ಗಾಂಬಿಕಾ ಮಗುವಿಗೆ ಹಾಲೂಡಿಸುತ್ತಿದ್ದಳು, ಇನ್ನೊಂದು ಪಕ್ಕದಲ್ಲಿ ಭೀಮೇಶ್ ಇಲ್ಲದ ಮೀಸೆ ತಿರುವುತ್ತಿದ್ದ. ರಕ್ಷಾಳಿಗೆ ಹೂಂ ಅನ್ನಲು ಎಷ್ಟು ಆಸೆಯಾಯಿತೆಂದರೆ ಅವಳಿಗೇ ಭಯವಾಯಿತು.

ಅವಳು ಬೇಕೆಂದೇ ಜೋರಾಗಿ, ಬದುವಿಗೆ ಕೇಳುವ ಹಾಗೆ ಹೇಳಿದಳು. "ಅವ್ವಾ, ಗೌಡ್ರು ನಂಗೊಬ್ಬಳಿಗೆ ಪೂರ್ತಿ ಕೊಡ್ತಾರಂತೆ! ತಗಳ್ಳಾ?"

ಗಿಡ್ಡಮ್ಮ ಕಾಲು ನೀವುತ್ತಾ ಕೂಗಿದಳು. "ನೀನ್ ಒಬ್ಬಳೇ ಪೂರ್ತಿ ಆದ್ರೆ ನಾವೆಲ್ಲ ಏನಾಗ್ಬೇಕಂತೆ? ಕೇಳು."

ಷಣ್ಮುಖಪ್ಪ ಪಂಚೆ ಮೇಲೆತ್ತಿ ಕಟ್ಟಿ, ಒಂದು ಕುಡುಗೋಲು ತೆಗೆದುಕೊಂಡು, ತಾನೇ ಸಾಲಿನಲ್ಲಿ ಕೂತ. ಹೆಂಡತಿಯನ್ನೂ ಕರೆದ. ಗಂಡಹೆಂಡತಿ ಇಬ್ಬರೂ ಕೊಯ್ಯತೊಡಗಿದರು. ಷಣ್ಮುಖಪ್ಪ ಹತ್ತು ಗಡ್ಡೆಗೊಮ್ಮೆ ಎದ್ದು ಸೊಂಟ ನೆಟ್ಟಗೆ ಮಾಡುತ್ತಿದ್ದ. ಕಸ್ತೂರಮ್ಮ ಏಳುತ್ತಿರಲಿಲ್ಲ. ಅವಳಿಗೆ ಈ ಕೆಲಸ ಹೊಸದಲ್ಲ. ಬೆಳಗ್ಗೆ ಅಡುಗೆ, ಆಮೇಲೆ ಎಲ್ಲರಿಗೂ ಟೀ, ಮಧ್ಯಾಹ್ನ ಚೀಲ ಹೊಲಿಯುವುದು, ಇದೆಲ್ಲ ಅವಳದೇ.

"ಬೇಗ ಕೈ ಆಡಿಸೇ! ನೀನೂ ಅವರಂಗೇ ಆಡ್ತೀಯಲ್ಲ," ಎಂದು ಷಣ್ಮುಖಪ್ಪ ರೇಗಿದ.

ಕಸ್ತೂರಮ್ಮನ ಕೈ ನಿಂತಿತು. "ಏನ್ರೀ, ನಂಗೆ ತಾಳೀನೂ ಐತೆ. ಹಲ್ಲೂ ಎಲ್ಲಾ ಅದಾವೆ. ನನ್ ಗಂಡನ್ನೂ ಊರೋರೆಲ್ಲ ನೋಡ್ಯಾರೆ. ನನ್ ಕೂಲಿ ಯಾವತ್ತು ಕೊಡ್ತೀರಿ?"

ಕುಡುಗೋಲು ಕೆಳಗಿಟ್ಟು ಎದ್ದಳು. ಆಳುಗಳು ಕೂತ ಬದುವಿಗೆ ಹೋಗಲಿಲ್ಲ, ಅಷ್ಟು ದೂರ ಅವಳಿಂದ ಬರಲಾಗಲಿಲ್ಲ. ಎದುರಿನ ಇನ್ನೊಂದು ಬದುವಿನ ಮೇಲೆ ಒಬ್ಬಳೇ ಹೋಗಿ ಕೂತಳು.

ಮೊದಲ ಹನಿ ಷಣ್ಮುಖಪ್ಪನ ಬೋಳು ನೆತ್ತಿಯ ಮೇಲೆ ಬಿತ್ತು.

"ಆತು!" ಎಂದು ಕಿರುಚಿದ. "ಆತ್ರಪ್ಪ, ಎಲ್ಲಾರಿಗೂ ಪೂರ್ತಿ! ಏಳ್ರಿ ಮೇಲೆ!"

ಯಾರೂ ಏಳಲಿಲ್ಲ. ರಕ್ಷಾ ಹತ್ತಿರ ಬಂದು ಅಂಗೈ ಚಾಚಿದಳು. "ಈಗ್ಲೇ ಕೊಡ್ರಿ ಗೌಡ್ರೆ. ಮಳೆ ನಿಂತ್ಮೇಲೆ ನಿಮಗೆ ಮತ್ತೆ ನಿಮ್ಮಪ್ಪ ನೆನಪಾಗ್ತಾರೆ."

ಷಣ್ಮುಖಪ್ಪ ಬನಿಯನ್ ಜೇಬಿಗೆ ಕೈ ಹಾಕಿ ನೋಟು ತೆಗೆದ. ಹೆಬ್ಬೆರಳಿಗೆ ಎಂಜಲು ಹಚ್ಚಿ ಅವಳ ಅಂಗೈಗೆ ಇನ್ನೂರು ಇಟ್ಟ. ಕೈಗೆ ಅಷ್ಟೇ ಅಭ್ಯಾಸ. ಅಂಗೈ ಕದಲಲಿಲ್ಲ, ಮುಚ್ಚಲೂ ಇಲ್ಲ. ಮಳೆಯ ಒಂದು ಹನಿ ನೋಟಿನ ಮೇಲೆ ಬಿತ್ತು. ಅವನು ಇನ್ನೊಂದು ಇನ್ನೂರು ಇಟ್ಟ. ಆಮೇಲೆ ಸಾಲಾಗಿ ಬಂದವರಿಗೆಲ್ಲ ಕೊಟ್ಟ. ತಿಪ್ಪಮ್ಮ ನೋಟನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟುಕೊಂಡಳು.

ಅವತ್ತು ಅವರು ಕೊಯ್ದ ಹಾಗೆ ಯಾವತ್ತೂ ಕೊಯ್ದಿರಲಿಲ್ಲ. ಮಳೆ ಹನಿ ಹಾಕಿ ಹೆದರಿಸಿ ಬಿಳಿಚೋಡು ಕಡೆಗೆ ಸರಿಯಿತು. ಕತ್ತಲಾಗುವ ಮುಂಚೆ ಲಾರಿ ತುಂಬಿತು.

ಲಾರಿ ಹೋದ ಮೇಲೆ ಷಣ್ಮುಖಪ್ಪ ಒಂದೇ ಮಾತು ಹೇಳಿದ. "ಇನ್ಮೇಲೆ ನಿಮ್ ಕೇರಿಯೋರು ನನ್ ಹೊಲ ತುಳೀಬ್ಯಾಡ್ರಿ. ಮುಂದಿನ ವಾರ ಶೇಂಗಾ ಕೀಳ್ಸೋದೈತೆ. ಬ್ಯಾರೆ ಊರಿಂದ ಟ್ರ್ಯಾಕ್ಸ್ ಗಾಡಿಯಾಗೆ ತುಂಬ್ಕಂಡ್ ಬರ್ತೀನಿ."

ಅಂದಂತೆಯೇ ಕೇರಿಯವರನ್ನು ಕರೆಯಲಿಲ್ಲ. ಆ ವಾರ ಟ್ರ್ಯಾಕ್ಟರ್ ಓಡಿಸುವ ಮೈಲಾರಿಯನ್ನು ಬಿಟ್ಟರೆ ಕೇರಿಯಲ್ಲಿ ಯಾರಿಗೂ ಕೂಲಿ ಇಲ್ಲ. ರಕ್ಷಾ ದುರ್ಗಾಂಬಿಕಾಳ ಜೊತೆ ಎರಡು ಮೈಲಿ ದೂರದ ಹೊಲಕ್ಕೆ ಮೆಕ್ಕೆಜೋಳ ಮುರಿಯಲು ಹೋದಳು, ಒಂದು ದಿನ ಸಿಕ್ಕಿತು, ಎರಡು ದಿನ ಸಿಗಲಿಲ್ಲ. ಗಿಡ್ಡಮ್ಮ ಮನೆಯಲ್ಲಿ ಮೊಣಕಾಲಿಗೆ ಬಿಸಿ ಮಾಡಿದ ಔಡಲದ ಎಲೆ ಕಟ್ಟಿಕೊಂಡು ಮಲಗಿದಳು. ಬಿಡುವು ಸಿಕ್ಕಿತ್ತು, ಆದರೆ ಡಬ್ಬಿಯಲ್ಲಿ ಅಕ್ಕಿ ಕಡಿಮೆಯಾಗುತ್ತಿತ್ತು. ನಾನು ಅವತ್ತು ಹೂಂ ಅನ್ನಬೇಕಿತ್ತೇನೋ ಎಂದು ರಕ್ಷಾಳಿಗೆ ಎರಡು ಮೂರು ಸಲ ಅನ್ನಿಸಿತು. ಅವ್ವನ ಮುಂದೆ ಹೇಳಲಿಲ್ಲ.

ಶನಿವಾರ ಸಂಜೆ ಮೈಲಾರಿ ಟ್ರ್ಯಾಕ್ಟರ್ ಬಿಟ್ಟು ಬಂದವನು ಗಿಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏನಾತೋ, ಹೇಳಿ ನಗು," ಎಂದಳು ಗಿಡ್ಡಮ್ಮ.

"ಅತ್ತೇ, ಗೌಡ್ರು ಇವತ್ತು ಮೂರ್ ಊರು ತಿರುಗಿದ್ರು. ನಾನೂ ಟ್ರ್ಯಾಕ್ಟರ್ ತಗಂಡು ಹಿಂದೇ ಇದ್ದೆ. ಮೊದ್ಲನೇ ಊರಾಗೆ ಆಳಿಗ್ ಇಷ್ಟು, ಅರ್ಧಾಳಿಗ್ ಇಷ್ಟು ಅಂದ್ರು. ಒಂದ್ ಮುದುಕಿ ಎದ್ದು ನಿಂತು ಕೇಳ್ತು ನೋಡು, 'ಯಾವ ಅರ್ಧ ಯಜಮಾನ್ರೆ? ಮೇಲ್ಗಡೆದೋ, ಕೆಳಗಡೆದೋ?' ಅಂತ!"

"ಅವರಿಗೆ ಹೆಂಗೆ ಗೊತ್ತಾತು?"

"ಆ ಲಾರಿ ಡ್ರೈವರ್ ಹೋದಲ್ಲೆಲ್ಲ ಹೇಳ್ಕಂತ ಹೋಗ್ಯಾನೆ. ಎರಡ್ನೇ ಊರಾಗೆ ಸ್ಕೂಲ್ ಹುಡುಗ್ರು ಗೌಡ್ರ ಬೈಕ್ ಹಿಂದೆ ಓಡ್ಕಂತ ಕೂಗಿದ್ರು. ಮೂರ್ನೇ ಊರಿಗೆ ಗೌಡ್ರು ಇಳೀಲೇ ಇಲ್ಲ."

ಭಾನುವಾರ ಬೆಳಗ್ಗೆ ಕೇರಿಯ ಬಾಯಲ್ಲಿ ಬೈಕ್ ಹಾರನ್ ಆಯಿತು. ಷಣ್ಮುಖಪ್ಪ ಒಳಗೆ ಬರುವವನಲ್ಲ. ಬೇವಿನ ಮರದ ಹತ್ತಿರವೇ ಬೈಕ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಎಂಜಿನ್ ಆರಿಸದೆ ಕೂತಿದ್ದ. ಶೇಂಗಾ ಕೀಳದಿದ್ದರೆ ಕಾಯಿ ಮಣ್ಣಿನಲ್ಲೇ ಮೊಳೆಯುತ್ತದೆ. ಗಿಡ್ಡಮ್ಮನ ಮನೆ ಕೇರಿಗೆ ಮೊದಲನೆಯದು. ಅವಳು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ರಕ್ಷಾ ಹಲ್ಲುಜ್ಜುತ್ತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸತೊಡಗಿತು.

"ಶೇಂಗಾ ಕೀಳಾಕೆ ಜನ ಬೇಕು," ಎಂದ ಷಣ್ಮುಖಪ್ಪ, ಬೇವಿನ ಮರಕ್ಕೆ ಹೇಳಿದ ಹಾಗೆ. ಆಮೇಲೆ ಒಂದು ಕ್ಷಣ ತಡೆದು, "ಗಿಡ್ಡಮ್ಮ," ಎಂದ.

ಅವನ ಬಾಯಲ್ಲಿ ಆ ಹೆಸರು ಪೂರ್ತಿಯಾಗಿ ಬಂದದ್ದನ್ನು ರಕ್ಷಾ ಗಮನಿಸಿದಳು. ಬ್ರಷ್ ಬಾಯಲ್ಲೇ ನಿಂತಿತು.

"ಎಷ್ಟ್ ಜನ ಬೇಕ್ರಿ?" ಎಂದಳು ಗಿಡ್ಡಮ್ಮ.

"ಎಂಟ್ ಜನ."

"ನನ್ ಕಾಲು ಬರಲ್ಲ, ನಾನಿಲ್ಲ. ನನ್ ಮಗಳು ಬರ್ತಾಳೆ. ದುರ್ಗಾಂಬಿಕಾ, ಭೀಮೇಶ, ತಿಪ್ಪಮ್ಮ ಎಲ್ಲಾ ಬರ್ತಾರೆ. ಅವರೆಲ್ಲ ಏನು ಅಂತ ಲೆಕ್ಕ?"

ಷಣ್ಮುಖಪ್ಪ ಬೈಕಿನ ಕನ್ನಡಿ ಒರೆಸಿದ. ಎಂಜಿನ್ ಗುರುಗುಟ್ಟುತ್ತಿತ್ತು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಅಷ್ಟಾಗಿ ಕೇಳಲಿಲ್ಲ.

"ಪೂರ್..."

ಗಿಡ್ಡಮ್ಮ ಕಿವಿಯ ಹಿಂದೆ ಕೈ ಇಟ್ಟು ಮುಂದಕ್ಕೆ ಬಾಗಿದಳು.

"ಗಾಡಿ ಆಫ್ ಮಾಡಿ ಹೇಳ್ರಿ ಗೌಡ್ರೆ. ಅರ್ಧಾನೇ ಕೇಳಿಸ್ತು."